ಎದುರು ಕುಳಿತವರಿಗೆ ಜಾದೂ ತೋರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಇಸ್ಪೀಟೆಲೆ, ನಾಣ್ಯ, ಉಂಗುರ, ರಬ್ಬರ್ ಬ್ಯಾಂಡುಗಳಿಂದ ಮಾಡುವ ಒಂದೆರಡು ಕೈಚಳಕಗಳನ್ನು ಮನೆಯಲ್ಲಿಯೇ ಕಲಿತು, ಇನ್ನು ನಾಲ್ಕು ಜನರಿಗೆ ತೋರಿಸಬೇಕು ಎನ್ನುವ ಹಂತಕ್ಕೆ ಬಂದವರು ನನ್ನನ್ನು ಕೇಳಿದ ಪ್ರಶ್ನೆಗಳು ಇಲ್ಲಿವೆ. ಚಮತ್ಕಾರಗಳ ಗುಟ್ಟನ್ನು ಕಲಿಸುವುದು ಇಲ್ಲಿನ ಉದ್ದೇಶವಲ್ಲ. ಕಲಿತದ್ದನ್ನು ಜನರ ಮುಂದಿಟ್ಟಾಗ ಏನಾಗುತ್ತದೆ, ಅದರಿಂದ ಏನನ್ನು ಕಲಿಯಬಹುದು ಎಂಬುದಕ್ಕೆ ಮಾತ್ರ ಉತ್ತರಗಳು ಸೀಮಿತವಾಗಿವೆ.

ಕ್ಲೋಸಪ್ ಜಾದೂ ಎಂದರೆ ಯಾವುದು? ವೇದಿಕೆಯ ಜಾದೂಗಿಂತ ಅದು ಸುಲಭವೇ?

ನೋಡುವವರು ಒಂದೆರಡು ಅಡಿ ದೂರದಲ್ಲಿ, ಒಂದೇ ಮೇಜಿನ ಸುತ್ತ ಕುಳಿತೋ ಎದುರಿಗೆ ನಿಂತೋ ಇರುವಾಗ, ಕೈಯಲ್ಲಿ ಹಿಡಿಯಬಹುದಾದ ಸಣ್ಣ ವಸ್ತುಗಳಿಂದ ತೋರಿಸುವ ಜಾದೂವಿಗೆ ಈ ಹೆಸರು. ಇದರ ಅತಿ ಹಳೆಯ ರೂಪಗಳಲ್ಲಿ ಒಂದಾದ ಬಟ್ಟಲಿನ ಆಟವನ್ನು, ಅಂದರೆ ಬೋರಲು ಹಾಕಿದ ಬಟ್ಟಲುಗಳ ಕೆಳಗೆ ಸಣ್ಣ ಚೆಂಡು ಅಥವಾ ಕಲ್ಲುಗಳನ್ನು ಮಾಯ ಮಾಡಿ ತೋರಿಸುವುದನ್ನು, ಸುಮಾರು 2000 ವರ್ಷಗಳ ಹಿಂದೆಯೇ ರೋಮಿನ ತತ್ತ್ವಜ್ಞಾನಿ ಸೆನೆಕಾ ಪ್ರಸ್ತಾಪಿಸಿದ್ದಾನೆ. ವೇದಿಕೆಯ ಕಲಾವಿದರಿಗೆ ಬೆಳಕು, ಪರದೆ, ಸಂಗೀತ ಮತ್ತು ದೂರ ನೆರವಾಗುತ್ತವೆ. ಇಲ್ಲಿ ಇವಾವುವೂ ಇಲ್ಲ, ನೋಡುವವರು ಮನಸ್ಸು ಮಾಡಿದರೆ ಕೈಚಾಚಿ ನಿಮ್ಮ ಮುಷ್ಟಿಯನ್ನು ಬಿಡಿಸಿಯೇ ನೋಡಬಹುದು. ಹಾಗಾಗಿ ಸುಲಭ ಎನ್ನಲಾರೆ. ಆದರೆ ತಮ್ಮದೇ ಅಂಗೈಯೊಳಗೆ ಬಿಗಿಯಾಗಿ ಹಿಡಿದಿದ್ದ ನಾಣ್ಯ ಬೇರೆಯದಾಗಿರುವುದನ್ನು ಕಂಡವರ ಮುಖದಲ್ಲಿ ಮೂಡುವ ಬೆರಗು ಯಾವ ದೊಡ್ಡ ವೇದಿಕೆಗೂ ಸಿಗುವಂಥದ್ದಲ್ಲ.

ಎಷ್ಟು ಅಭ್ಯಾಸ ಮಾಡಿದ ಮೇಲೆ ಇತರರಿಗೆ ತೋರಿಸಬಹುದು?

ದಿನಗಳ ಲೆಕ್ಕದಲ್ಲಿ ಇದಕ್ಕೆ ಉತ್ತರವಿಲ್ಲ, ಆದರೆ ಒಂದು ಪರೀಕ್ಷೆಯಿದೆ. ಚಮತ್ಕಾರವನ್ನು ಮೊದಲಿನಿಂದ ಕೊನೆಯವರೆಗೆ ಮಾಡುತ್ತಲೇ ಅದಕ್ಕೆ ಸಂಬಂಧವೇ ಇಲ್ಲದ ವಿಷಯವನ್ನು, ಉದಾಹರಣೆಗೆ ನಿನ್ನೆಯ ದಿನ ಹೇಗೆ ಕಳೆಯಿತು ಎಂಬುದನ್ನು, ಗಟ್ಟಿಯಾಗಿ ಹೇಳುತ್ತಾ ಹೋಗಿ. ಗುಟ್ಟಿನ ಕೆಲಸ ನಡೆಯುವ ಕ್ಷಣದಲ್ಲಿ ನಿಮ್ಮ ಮಾತು ತಡವರಿಸಿದರೆ ಅಥವಾ ನಿಂತರೆ ಕೈಗೆ ಇನ್ನೂ ನಿಮ್ಮ ಗಮನ ಬೇಕಾಗಿದೆ ಎಂದರ್ಥ. ಆ ಗಮನವನ್ನೆಲ್ಲ ಎದುರಿಗಿರುವವರಿಗೆ ಕೊಡುವಷ್ಟು ಕೈ ಪಳಗಿದಾಗ ತೋರಿಸಲು ಆರಂಭಿಸಬಹುದು.

ಇದಕ್ಕಿಂತ ಹೆಚ್ಚು ಕಾಯುವುದೂ ಸರಿಯಲ್ಲ ಎಂಬುದನ್ನು ಒತ್ತಿ ಹೇಳಬೇಕು. ಪರಿಪೂರ್ಣವಾಗಲಿ ಎಂದು ಒಂದೇ ಡಬಲ್ ಲಿಫ್ಟನ್ನು, ಅಂದರೆ ಎರಡು ಎಲೆಗಳನ್ನು ಒಂದೇ ಎಲೆಯಂತೆ ತಿರುವಿ ತೋರಿಸುವ ಕೈಚಳಕವನ್ನು, ವರ್ಷಗಟ್ಟಲೆ ಕೋಣೆಯ ಬಾಗಿಲು ಹಾಕಿಕೊಂಡು ತಿದ್ದಿದವರನ್ನು ನಾನು ನೋಡಿದ್ದೇನೆ. ಅವರ ಬೆರಳುಗಳು ಬಹಳ ಚೆನ್ನಾಗಿದ್ದವು, ಆದರೆ ಮೊದಲ ಬಾರಿಗೆ ಮೂರು ಜನರ ಮುಂದೆ ಕುಳಿತಾಗ ಎಲೆ ಆರಿಸಿಕೊಳ್ಳಿ ಎಂದು ಹೇಗೆ ಕೇಳಬೇಕೆಂಬುದೇ ಅವರಿಗೆ ತಿಳಿಯಲಿಲ್ಲ. ಕೈಚಳಕವೆಂಬುದು ಒಬ್ಬರೇ ಕಲಿಯಬಹುದಾದ ವಿದ್ಯೆ, ಜಾದೂ ಹಾಗಲ್ಲ. ಅದು ನಡೆಯುವುದೇ ನೋಡುವವರ ಮನಸ್ಸಿನಲ್ಲಿ, ಆದ್ದರಿಂದ ಅವರಿಲ್ಲದೆ ಅದರ ಅರ್ಧಭಾಗವನ್ನು ಅಭ್ಯಾಸ ಮಾಡಲು ಬರುವುದಿಲ್ಲ.

ಕನ್ನಡಿ ಮತ್ತು ಮೊಬೈಲ್ ಕ್ಯಾಮೆರಾ ಸಾಲದೇ?

ಎರಡೂ ಬೇಕು, ಎರಡಕ್ಕೂ ಮಿತಿಯಿದೆ. ಕನ್ನಡಿಯ ಮುಂದೆ ಬಹಳ ಕಾಲ ಅಭ್ಯಾಸ ಮಾಡಿದವರಿಗೆ ಕಷ್ಟದ ಕ್ಷಣ ಬಂದಾಗ ಕಣ್ಣು ಮಿಟುಕಿಸುವ ಅಭ್ಯಾಸ ತಿಳಿಯದಂತೆಯೇ ಅಂಟಿಕೊಳ್ಳುತ್ತದೆ, ಏಕೆಂದರೆ ತಮ್ಮ ತಪ್ಪನ್ನು ತಾವೇ ನೋಡಲು ಮನಸ್ಸು ಒಪ್ಪುವುದಿಲ್ಲ. ಕ್ಯಾಮೆರಾದಲ್ಲಿ ಆ ದೋಷವಿಲ್ಲ. ಬದಿಯಲ್ಲಿ ಕುಳಿತವರಿಗೆ ಅಂಗೈಯ ನಾಣ್ಯ ಕಾಣಿಸುತ್ತದೆಯೇ ಎಂಬುದನ್ನು ಅದು ನಿಷ್ಠುರವಾಗಿ ತೋರಿಸುತ್ತದೆ. ಫ್ರಾನ್ಸಿನ ಮನಶ್ಶಾಸ್ತ್ರಜ್ಞ ಆಲ್ಫ್ರೆಡ್ ಬಿನೆ 1894ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಜಾದೂಗಾರರ ಕೈಗಳ ಚಲನೆಯನ್ನು ಸರಣಿ ಛಾಯಾಚಿತ್ರಗಳಲ್ಲಿ ಸೆರೆಹಿಡಿದಿದ್ದರು, ಅಂದರೆ ಈ ದಾರಿ ಹೊಸದೇನಲ್ಲ.

ಆದರೆ ಕ್ಯಾಮೆರಾ ಒಂದೇ ಕಡೆ ನೆಟ್ಟ ಕಣ್ಣು. ಅದು ನಿಮ್ಮ ಮುಖ ನೋಡಿ ನಗುವುದಿಲ್ಲ, ಪಕ್ಕದವರ ಕಡೆ ತಿರುಗುವುದಿಲ್ಲ, ನೀವು ಪ್ರಶ್ನೆ ಕೇಳಿದಾಗ ಯೋಚಿಸುವುದೂ ಇಲ್ಲ. ವಿಡಿಯೊದಲ್ಲಿ ಎದ್ದು ಕಾಣುವ ಒಂದು ಸಣ್ಣ ಚಲನೆ ಎದುರಿಗಿರುವ ಮನುಷ್ಯರಿಗೆ ಸುಳಿವೇ ಕೊಡದಿರಬಹುದು, ವಿಡಿಯೊದಲ್ಲಿ ಸ್ವಚ್ಛವಾಗಿ ಕಂಡದ್ದು ಅವರಿಗೆ ಅನುಮಾನ ಹುಟ್ಟಿಸಲೂಬಹುದು. ಕ್ಯಾಮೆರಾದಲ್ಲಿ ಕೈಯನ್ನು ತಿದ್ದಿಕೊಳ್ಳಿ, ಉಳಿದದ್ದನ್ನು ಜನರಿಂದ ಕಲಿಯಿರಿ.

ಮೊದಲ ಪ್ರೇಕ್ಷಕರು ಯಾರಾಗಿರಬೇಕು?

ಹೆಚ್ಚಿನವರು ಮನೆಯವರಿಂದ ಆರಂಭಿಸುತ್ತಾರೆ. ಅದು ಸಹಜವಾದರೂ ಮನೆಯವರು ಕಠಿಣ ಪ್ರೇಕ್ಷಕರೆಂಬುದು ನೆನಪಿರಲಿ. ನಿಮ್ಮ ಸಹಜ ಹಾವಭಾವ ಅವರಿಗೆ ಚೆನ್ನಾಗಿ ಗೊತ್ತಿರುವುದರಿಂದ ಅಸಹಜವಾದದ್ದು ತಟ್ಟನೆ ಕಣ್ಣಿಗೆ ಬೀಳುತ್ತದೆ, ಸಲುಗೆಯಿಂದಾಗಿ ಕೈಯಲ್ಲಿನ ಎಲೆಗಳನ್ನು ಕಿತ್ತುಕೊಳ್ಳಲೂ ಅವರು ಹಿಂಜರಿಯುವುದಿಲ್ಲ. ಅವರು ಒಂದು ಚಮತ್ಕಾರವನ್ನು ಹತ್ತು ಸಲ ನೋಡಿ ಬೇಸತ್ತ ಮೇಲೆ ಹೇಳುವ ಅಭಿಪ್ರಾಯ ಮೊದಲ ಬಾರಿ ನೋಡುವವರ ಅನುಭವವೂ ಅಲ್ಲ. ಪರಿಚಯವಿದ್ದೂ ಅತಿ ಸಲುಗೆಯಿಲ್ಲದವರು, ಉದಾಹರಣೆಗೆ ಸಹೋದ್ಯೋಗಿಗಳು ಅಥವಾ ಗೆಳೆಯರ ಗೆಳೆಯರು, ಆರಂಭಕ್ಕೆ ಅತ್ಯುತ್ತಮ ಎಂಬುದು ನನ್ನ ಅನುಭವ. ಒಬ್ಬರಿಗೇ ತೋರಿಸುವುದಕ್ಕಿಂತ ಮೂರ್ನಾಲ್ಕು ಜನರಿಗೆ ತೋರಿಸುವುದು ಸಲೀಸು. ಒಬ್ಬರೇ ಇದ್ದಾಗ ಅವರ ದೃಷ್ಟಿಯೆಲ್ಲ ನಿಮ್ಮ ಬೆರಳುಗಳ ಮೇಲೆಯೇ ನಿಲ್ಲುತ್ತದೆ, ಗುಂಪಿನಲ್ಲಾದರೆ ಅವರು ಪರಸ್ಪರರ ಮುಖವನ್ನೂ ನೋಡುತ್ತಾರೆ.

ಎಷ್ಟು ಚಮತ್ಕಾರಗಳು ಬರುತ್ತಿರಬೇಕು?

ಮೂರು ಸಾಕು, ಆ ಮೂರೂ ಒಂದೇ ಬಗೆಯವು ಆಗಿರದಿದ್ದರೆ ಇನ್ನೂ ಒಳ್ಳೆಯದು. ನೂರು ಗೊತ್ತಿದ್ದು ಯಾವುದನ್ನೂ ಇಪ್ಪತ್ತು ಸಲ ಜನರಿಗೆ ತೋರಿಸದವರಿಗಿಂತ, ಮೂರನ್ನೇ ನೂರು ಸಲ ತೋರಿಸಿದವರಿಗೆ ಹೆಚ್ಚು ತಿಳಿದಿರುತ್ತದೆ.

ಜನರ ಮುಂದೆ ನನ್ನ ಕೈ ನಡುಗುತ್ತದೆ. ಏನು ಮಾಡಲಿ?

ಉದ್ವೇಗದಲ್ಲಿ ದೇಹ ಅಡ್ರಿನಲಿನ್ ಸುರಿಸುವುದರಿಂದ ಬೆರಳ ತುದಿಯ ಸೂಕ್ಷ್ಮ ಹಿಡಿತ ಎಲ್ಲಕ್ಕಿಂತ ಮೊದಲು ಕೈಕೊಡುತ್ತದೆ, ಅಂಗೈ ಬೆವರುತ್ತದೆ. ಇದನ್ನು ಸಂಕಲ್ಪದಿಂದ ತಡೆಯಲು ಹೋಗದೆ ಚಮತ್ಕಾರದ ಜೋಡಣೆಯಲ್ಲಿಯೇ ಇದಕ್ಕೆ ಎಡೆ ಮಾಡಿಕೊಡುವುದು ಜಾಣತನ. ಮೊದಲ ಚಮತ್ಕಾರ ಕೈಚಳಕವೇ ಇಲ್ಲದೆ ಲೆಕ್ಕಾಚಾರದಿಂದ ತಾನಾಗಿ ಕೂಡಿಬರುವಂಥದ್ದಾಗಿರಲಿ. ಇಸ್ಪೀಟು ಕಟ್ಟನ್ನು ಆರಂಭದಲ್ಲಿಯೇ ಎದುರಿಗಿರುವವರ ಕೈಗೆ ಕೊಟ್ಟು ಚೆನ್ನಾಗಿ ಕಲಸಲು ಹೇಳಿ. ಅವರು ಕಲಸುವ ಆ ಅರ್ಧ ನಿಮಿಷದಲ್ಲಿ ನಿಮ್ಮ ಉಸಿರು ಹದಕ್ಕೆ ಬರುತ್ತದೆ, ಎಲೆಗಳಲ್ಲಿ ಏನೂ ಮೋಸವಿಲ್ಲವೆಂಬ ನಂಬಿಕೆ ಅವರಲ್ಲಿ ತಾನಾಗಿಯೇ ಮೂಡುತ್ತದೆ. ಕಷ್ಟದ ಕೈಚಳಕವನ್ನು ಎರಡನೆಯ ಅಥವಾ ಮೂರನೆಯ ಚಮತ್ಕಾರಕ್ಕೆ ಉಳಿಸಿಕೊಳ್ಳಿ. ಮೊದಲ ಹತ್ತು ಹನ್ನೆರಡು ಪ್ರದರ್ಶನಗಳಲ್ಲಿ ನಡುಕ ಹೋಗದಿದ್ದರೂ ಚಿಂತೆ ಬೇಡ, ನೋಡುವವರಿಗೆ ಅದು ನೀವು ಅಂದುಕೊಂಡಷ್ಟು ಕಾಣುವುದಿಲ್ಲ.

ಪ್ರೇಕ್ಷಕರು ನನ್ನ ಕೈಯನ್ನೇ ನೋಡುತ್ತಾರೆ. ಅವರ ಗಮನವನ್ನು ಬೇರೆಡೆಗೆ ಸೆಳೆಯುವುದು ಹೇಗೆ?

ಪ್ರಶ್ನೆಯನ್ನು ಸ್ವಲ್ಪ ತಿದ್ದಿಕೊಳ್ಳೋಣ. ಗಮನವನ್ನು ಎಲ್ಲಿಂದ ಓಡಿಸಬೇಕು ಎಂದು ಯೋಚಿಸುವವರು ಅತ್ತ ಬೊಟ್ಟುಮಾಡಿ, ಇತ್ತ ಕೆಮ್ಮಿ, ಅನುಮಾನಕ್ಕೆ ತಾವೇ ದಾರಿ ಮಾಡಿಕೊಡುತ್ತಾರೆ. ಗಮನ ಎಲ್ಲಿ ನಿಲ್ಲಬೇಕು ಎಂದು ಯೋಚಿಸಿ, ಅಲ್ಲಿ ನೋಡಲು ಯೋಗ್ಯವಾದದ್ದನ್ನು ಇರಿಸಿ.

ಇದರಲ್ಲಿ ನಿಮ್ಮ ಕಣ್ಣಿಗೆ ಕೈಗಿಂತ ಹೆಚ್ಚಿನ ಪಾತ್ರವಿದೆ. ಗುಸ್ತಾವ್ ಕುನ್ ಮತ್ತು ಮೈಕೆಲ್ ಲ್ಯಾಂಡ್ ಎಂಬ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಜಾದೂಗಾರ ಚೆಂಡೊಂದನ್ನು ಎರಡು ಸಲ ಮೇಲಕ್ಕೆಸೆದು ಹಿಡಿದು, ಮೂರನೆಯ ಸಲ ಎಸೆದಂತೆ ನಟಿಸಿ ಚೆಂಡನ್ನು ಕೈಯಲ್ಲಿಯೇ ಉಳಿಸಿಕೊಳ್ಳುತ್ತಾನೆ. ಆಗ ಅವನ ದೃಷ್ಟಿಯೂ ಮೇಲಕ್ಕೆ ಹೋದರೆ ನೋಡಿದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಚೆಂಡು ಮೇಲೆ ಹೋಗಿ ಮಾಯವಾಯಿತೆಂದೇ ಹೇಳಿದರು. ದೃಷ್ಟಿ ಕೈಯ ಮೇಲೆಯೇ ಉಳಿದಾಗ ಹಾಗೆ ಹೇಳಿದವರು ಮೂರನೇ ಒಂದು ಪಾಲಿನಷ್ಟು ಮಾತ್ರ. ಇಲ್ಲದ ಚೆಂಡನ್ನು ಜನರಿಗೆ ತೋರಿಸಿದ್ದು ಜಾದೂಗಾರನ ನೋಟ. ನಮ್ಮ ಭಾಷೆಯಲ್ಲಿ ಈ ವಿದ್ಯೆಗೆ ಕಣ್ಕಟ್ಟು ಎನ್ನುವುದು ಬಹಳ ಸರಿಯಾದ ಮಾತು, ಆದರೆ ಕಟ್ಟುವ ಹಗ್ಗ ನಮ್ಮದೇ ಕಣ್ಣಿನಲ್ಲಿದೆ ಎಂಬುದನ್ನು ಹೊಸಬರು ಮರೆಯುತ್ತಾರೆ.

ಆದ್ದರಿಂದ ನಾಣ್ಯ ಎಡಗೈಯಲ್ಲಿದೆ ಎಂದು ಅವರು ನಂಬಬೇಕಾದರೆ ಮೊದಲು ನೀವು ಎಡಗೈಯನ್ನು ನಾಣ್ಯವಿದ್ದಂತೆಯೇ ನೋಡಬೇಕು, ಬಲಗೈಯನ್ನು ಮರೆತೇಬಿಡಬೇಕು. ಅವರು ಮುಖವೆತ್ತಿ ನಿಮ್ಮನ್ನು ನೋಡಬೇಕೆಂದಿದ್ದರೆ ಹೆಸರು ಹಿಡಿದು ಕರೆದು, ಉತ್ತರ ಹೇಳಲೇಬೇಕಾದ ಪ್ರಶ್ನೆಯೊಂದನ್ನು ಕೇಳಿ, ಅವರ ಕಣ್ಣನ್ನೇ ನೋಡಿ. ಮಾತನಾಡಿಸಿದವರ ಮುಖ ನೋಡುವುದು ಮನುಷ್ಯರ ಸಹಜ ಸೌಜನ್ಯ. ಇನ್ನೊಂದು ಹೊತ್ತೆಂದರೆ ಚಮತ್ಕಾರ ಮುಗಿದು ಎಲ್ಲರೂ ನಗುತ್ತಾ ಬೆನ್ನನ್ನು ಕುರ್ಚಿಗೆ ಒರಗಿಸುವ ಕ್ಷಣ. ಆಗ ಯಾರೂ ನಿಮ್ಮ ಕೈಯನ್ನು ಕಾಯುತ್ತಿರುವುದಿಲ್ಲ, ಮುಂದಿನ ಚಮತ್ಕಾರದ ಸಿದ್ಧತೆ ನಡೆಯಬೇಕಾದದ್ದು ಆಗಲೇ. ಈ ಎರಡೂ ಹೊತ್ತುಗಳನ್ನು ಗುರುತಿಸುವುದನ್ನು ಜನರ ಮುಂದೆ ಕುಳಿತಲ್ಲದೆ ಕಲಿಯಲಾಗದು.

ಏನು ಮಾತನಾಡಬೇಕು? ಮೊದಲೇ ಬರೆದು ಬಾಯಿಪಾಠ ಮಾಡಬೇಕೇ?

ಬರೆಯಿರಿ, ಆದರೆ ಒಪ್ಪಿಸಬೇಡಿ. ಕಣ್ಣಿಗೆ ಕಾಣುತ್ತಿರುವುದನ್ನೇ ಮತ್ತೆ ಹೇಳುವ ಮಾತು, ಎಂದರೆ ‘ಈಗ ಎಲೆಯನ್ನು ನಡುವೆ ಇಡುತ್ತೇನೆ, ಈಗ ಕಟ್ಟನ್ನು ತೆಗೆದುಕೊಳ್ಳುತ್ತೇನೆ’ ಎಂಬಂಥದ್ದು, ಬೇಗ ಬೇಸರ ತರಿಸುತ್ತದೆ. ಹತ್ತೊಂಬತ್ತನೇ ಶತಮಾನದ ಫ್ರೆಂಚ್ ಜಾದೂಗಾರ ರೊಬೇರ್ ಊದಾ ಜಾದೂಗಾರನೆಂದರೆ ಜಾದೂಗಾರನ ಪಾತ್ರವನ್ನು ವಹಿಸುವ ನಟ ಎಂದಿದ್ದರು, ಆ ಪಾತ್ರಕ್ಕೂ ಒಂದು ದನಿ ಬೇಕು. ಆ ದನಿ ನಿಮ್ಮದೇ ಆಡುಮಾತಿಗೆ ಹತ್ತಿರವಾಗಿರಲಿ.

ಬಾಯಿಪಾಠವಾಗಿಯೇ ಇರಬೇಕಾದದ್ದು ಸೂಚನೆಗಳು ಮಾತ್ರ. ‘ಕಟ್ ಮಾಡಿ’ ಎಂದು ನಾನು ಹೇಳಿದ್ದನ್ನು ಕೇಳಿ ಎಲೆಗಳನ್ನು ಪೂರ್ತಿ ಕಲಸಿಬಿಟ್ಟವರಿದ್ದಾರೆ; ಇಸ್ಪೀಟು ಆಡದವರಿಗೆ ಆ ಪದದ ಅರ್ಥವೇ ಗೊತ್ತಿರುವುದಿಲ್ಲ, ಅದು ಅವರ ತಪ್ಪಲ್ಲ. ಈಗ ನಾನು ‘ಮೇಲಿನಿಂದ ಸುಮಾರು ಅರ್ಧದಷ್ಟು ಎಲೆಗಳನ್ನು ಒಟ್ಟಾಗಿ ಎತ್ತಿ ಇಲ್ಲಿ ಪಕ್ಕಕ್ಕಿಡಿ’ ಎನ್ನುತ್ತೇನೆ, ಎಲ್ಲಿಡಬೇಕೆಂದು ಬೆರಳಿನಿಂದಲೂ ತೋರಿಸುತ್ತೇನೆ. ಈ ಒಂದು ವಾಕ್ಯ ನೆಲೆಗೊಳ್ಳಲು ಐದಾರು ಬಾರಿ ಸೋಲಬೇಕಾಯಿತು.

ಚಮತ್ಕಾರ ಅರ್ಧದಲ್ಲಿ ತಪ್ಪಿಹೋದರೆ?

ತಪ್ಪಿಯೇ ಹೋಗುತ್ತದೆ, ಎಲ್ಲರಿಗೂ. ಮೊದಲಿಗೆ ನೆನಪಿಡಬೇಕಾದ ಸಂಗತಿಯೆಂದರೆ, ಮುಂದೆ ಏನಾಗಬೇಕಿತ್ತೆಂಬುದು ನಿಮಗೆ ಮಾತ್ರ ಗೊತ್ತು. ನೀವು ಮುಖ ಸಪ್ಪಗೆ ಮಾಡಿಕೊಳ್ಳದಿದ್ದರೆ ಅರ್ಧದಷ್ಟು ತಪ್ಪುಗಳು ಯಾರ ಗಮನಕ್ಕೂ ಬರುವುದಿಲ್ಲ. ಆರಿಸಿದ ಎಲೆಯ ಜಾಡು ಕೈತಪ್ಪಿತೆಂದಾದರೆ, ಅದನ್ನು ಅವರಿಂದಲೇ ಹೇಳಿಸಿ, ಕಟ್ಟಿನಿಂದ ಹುಡುಕಿ ತೆಗೆದು, ಅದರಿಂದಲೇ ಇನ್ನೊಂದು ಚಮತ್ಕಾರ ಆರಂಭವಾಗುತ್ತಿದೆ ಎಂಬಂತೆ ಮುಂದುವರಿಯಬಹುದು. ಇಂಥ ಪಾರಾಗುವ ದಾರಿಗಳಿಗೆ ಜಾದೂಗಾರರು ‘ಔಟ್’ ಎನ್ನುತ್ತಾರೆ, ಪ್ರತಿಯೊಂದು ಚಮತ್ಕಾರಕ್ಕೂ ಒಂದನ್ನಾದರೂ ಸಿದ್ಧವಾಗಿಟ್ಟುಕೊಳ್ಳಬೇಕು.

ನನಗೆ ಹೆಚ್ಚು ಕಲಿಸಿದ ತಪ್ಪು ನನ್ನ ಕೈಯದಾಗಿರಲಿಲ್ಲ. ಹತ್ತು ಹನ್ನೆರಡು ಜನರಿದ್ದ ಕೂಟವೊಂದರಲ್ಲಿ ಹಿರಿಯರೊಬ್ಬರು ಎಲೆಯೊಂದನ್ನು ಆರಿಸಿ ನೋಡಿ ಕಟ್ಟಿನೊಳಗಿಟ್ಟರು. ಎಲ್ಲವೂ ಸರಿಯಾಗಿ ನಡೆದು, ಕೊನೆಗೆ ನಾನು ಆಟೀನ್ ರಾಣಿಯನ್ನು ಮೇಜಿನ ಮೇಲೆ ತಿರುವಿ ಹಾಕಿದಾಗ ಅವರು ಬಹಳ ಸಂಕೋಚದಿಂದ, ಇದಲ್ಲವೆಂದು ಕಾಣುತ್ತದೆ, ನನ್ನದು ಡೈಮಂಡ್ ಇರಬೇಕು ಎಂದರು. ಅವರು ಎಲೆಯನ್ನು ಒಂದು ಕ್ಷಣ ನೋಡಿ, ಆಮೇಲೆ ನನ್ನ ಹತ್ತು ಮಾತುಗಳನ್ನು ಕೇಳುವಷ್ಟರಲ್ಲಿ ಮರೆತಿದ್ದರು. ನನ್ನದೇ ಸರಿ ಎಂದು ನಾನು ವಾದಿಸಿದ್ದರೆ ಎಲ್ಲರೆದುರು ಅವರಿಗೆ ಅವಮಾನವಾಗುತ್ತಿತ್ತು, ಆದ್ದರಿಂದ ತಪ್ಪನ್ನು ನನ್ನದೆಂದೇ ಒಪ್ಪಿಕೊಂಡು ಮತ್ತೊಂದು ಎಲೆ ಆರಿಸಲು ಕೇಳಿಕೊಂಡೆ. ಅಂದಿನಿಂದ ಆರಿಸಿದ ಎಲೆಯನ್ನು ಪಕ್ಕದ ಇಬ್ಬರಿಗಾದರೂ ತೋರಿಸಲು ಹೇಳುತ್ತೇನೆ, ಸಾಧ್ಯವಾದಲ್ಲಿ ಅದರ ಮೇಲೆ ಪೆನ್ನಿನಿಂದ ಹೆಸರು ಬರೆಸುತ್ತೇನೆ. ಹಾಗೆ ಮಾಡುವುದರಿಂದ ಮರೆವಿನ ಅಪಾಯ ತಪ್ಪುವುದಷ್ಟೇ ಅಲ್ಲ, ಆ ಎಲೆ ಅವರದೇ ಆಗಿಬಿಡುತ್ತದೆ.

‘ಇದು ಹೇಗೆಂದು ನನಗೆ ಗೊತ್ತು’ ಎನ್ನುವವರನ್ನು ಹೇಗೆ ಎದುರಿಸಬೇಕು?

ಎದುರಿಸುವುದೇ ಬೇಡ. ಅವರ ಊಹೆ ಸರಿಯಿದ್ದರೆ ನಕ್ಕು ಒಪ್ಪಿಕೊಂಡು ಮುಂದುವರಿಯಿರಿ. ತಪ್ಪಿದ್ದರೆ ತಿದ್ದಲು ಹೋಗಬೇಡಿ. ಸ್ಪರ್ಧೆಗಿಳಿದ ಕ್ಷಣದಲ್ಲಿಯೇ ಉಳಿದವರೂ ಬೆರಗುಪಡುವುದನ್ನು ಬಿಟ್ಟು ಪತ್ತೇದಾರಿಕೆಗೆ ಕುಳಿತುಕೊಳ್ಳುತ್ತಾರೆ. ಆದರೆ ಆ ವ್ಯಕ್ತಿ ಹೇಳಿದ್ದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳಿ, ಏಕೆಂದರೆ ಇತರರು ಸೌಜನ್ಯಕ್ಕಾಗಿ ನುಂಗಿಕೊಂಡ ಅನುಮಾನವನ್ನು ಅವರೊಬ್ಬರು ಬಾಯಿಬಿಟ್ಟು ಹೇಳಿರುತ್ತಾರೆ. ಸ್ಪೇನ್‌ನ ಜಾದೂಗಾರ ಹುವಾನ್ ತಮಾರಿಸ್ ಅವರ ಚಿಂತನೆಯಲ್ಲಿ ಇದಕ್ಕೆ ದೊಡ್ಡ ಸ್ಥಾನವಿದೆ: ಪ್ರೇಕ್ಷಕರು ಯೋಚಿಸಬಹುದಾದ ಪ್ರತಿಯೊಂದು ಉತ್ತರವನ್ನೂ, ಅದು ತಪ್ಪಾಗಿದ್ದರೂ ಸರಿಯೇ, ಚಮತ್ಕಾರ ಮುಗಿಯುವ ಮುನ್ನವೇ ಅಳಿಸಿಹಾಕಬೇಕು. ನಾಣ್ಯ ಅಂಗಿಯ ತೋಳಿನೊಳಗೆ ಹೋಯಿತು ಎಂದು ಮೂವರು ಹೇಳಿದರೆ ನಾಲ್ಕನೆಯ ಪ್ರದರ್ಶನಕ್ಕೆ ಅಂಗಿಯ ತೋಳನ್ನು ಮೇಲಕ್ಕೆ ಮಡಚಿಕೊಂಡು ಕುಳಿತರಾಯಿತು.

‘ಇನ್ನೊಮ್ಮೆ ಅದನ್ನೇ ತೋರಿಸಿ’ ಎಂದು ಕೇಳಿದರೆ?

ನಯವಾಗಿ ಇನ್ನೊಂದು ಚಮತ್ಕಾರಕ್ಕೆ ಸಾಗಿ. ಎರಡನೆಯ ಸಲ ನೋಡುವವರಿಗೆ ಕೊನೆಯಲ್ಲಿ ಏನಾಗುತ್ತದೆಂದು ಗೊತ್ತಿರುವುದರಿಂದ ಎಲ್ಲಿ ನೋಡಬೇಕೆಂಬುದೂ ಗೊತ್ತಾಗಿಬಿಡುತ್ತದೆ. ಈ ನಿಯಮಕ್ಕೆ ಅಪವಾದವಿದೆ. ಯಾವುದೇ ಚಮತ್ಕಾರವನ್ನು ಮೂರು ಸಲ ನೋಡಿದರೆ ಗುಟ್ಟು ಹೇಳುತ್ತೇನೆಂದು ಸವಾಲು ಹಾಕುತ್ತಿದ್ದ ಪ್ರಸಿದ್ಧ ಜಾದೂಗಾರ ಹ್ಯಾರಿ ಹೂಡಿನಿಗೆ 1922ರಲ್ಲಿ ಶಿಕಾಗೋದಲ್ಲಿ ಇಸ್ಪೀಟು ಜಾದೂಗಾರ ಡೈ ವರ್ನನ್ ಒಂದೇ ಇಸ್ಪೀಟು ಚಮತ್ಕಾರವನ್ನು ಮತ್ತೆ ಮತ್ತೆ ತೋರಿಸಿದರು: ಹೂಡಿನಿ ಸಹಿ ಮಾಡಿದ ಎಲೆಯನ್ನು ಮೇಲಿನಿಂದ ಎರಡನೆಯದಾಗಿ ಇಟ್ಟರೂ ಅದು ಪ್ರತಿ ಸಲವೂ ಮೇಲೆಯೇ ಕಾಣಿಸಿಕೊಳ್ಳುತ್ತಿತ್ತು, ಹೂಡಿನಿಗೆ ಅದರ ಗುಟ್ಟು ಸಿಗಲಿಲ್ಲ. ಪುನರಾವರ್ತನೆಗೆಂದೇ ರಚನೆಯಾದ, ಪ್ರತಿ ಸುತ್ತಿನಲ್ಲಿ ವಿಧಾನ ಬದಲಾಗುವ ಇಂಥ ಚಮತ್ಕಾರಗಳನ್ನು ಮಾತ್ರ ಮತ್ತೆ ತೋರಿಸಬಹುದು.

ಗುಟ್ಟನ್ನು ಹೇಳಬಾರದು ಎನ್ನುವುದೇಕೆ?

ಸೆನೆಕಾ ಇದಕ್ಕೂ ಉತ್ತರ ಕೊಟ್ಟಿದ್ದಾನೆ. ಬಟ್ಟಲಿನ ಆಟದಲ್ಲಿ ತನಗೆ ಹಿಡಿಸುವುದು ಆ ಮರುಳು ಮಾಡುವಿಕೆಯೇ, ಅದು ಹೇಗೆಂದು ತಿಳಿಸಿಬಿಟ್ಟರೆ ಆಸಕ್ತಿ ಹೋಗುತ್ತದೆ ಎಂಬರ್ಥದ ಮಾತನ್ನು ಆತ ಬರೆದಿದ್ದಾನೆ. ಗುಟ್ಟುಗಳು ಬಹುಮಟ್ಟಿಗೆ ಬಹಳ ಸರಳವಾಗಿರುತ್ತವೆ. ಕೇಳಿದವರಿಗೆ ‘ಇಷ್ಟೇನಾ’ ಎನ್ನಿಸಿ, ಪಟ್ಟ ಸಂತೋಷವೂ ಹಿಂದಿನಿಂದ ಹಾಳಾಗುತ್ತದೆ. 1905ರಲ್ಲಿ ಸ್ಥಾಪನೆಯಾದ ಲಂಡನ್ನಿನ ಜಾದೂಗಾರರ ಸಂಘ ಮ್ಯಾಜಿಕ್ ಸರ್ಕಲ್ ಗುಟ್ಟು ಕಾಪಾಡುವುದನ್ನು ತನ್ನ ಸದಸ್ಯರ ಕರ್ತವ್ಯವನ್ನಾಗಿಸಿದೆ. ಕುತೂಹಲದಿಂದ ಕೇಳುವವರಿಗೂ ಕಲಿಯಬೇಕೆಂಬ ಆಸೆಯಿಂದ ಕೇಳುವವರಿಗೂ ವ್ಯತ್ಯಾಸವಿದೆ ಎಂಬುದು ಮಾತ್ರ ನೆನಪಿರಲಿ. ಮರುದಿನವೂ, ಮತ್ತೊಂದು ವಾರ ಬಿಟ್ಟೂ ಬಂದು ಕೇಳಿದವರಿಗೆ ನಾನು ಸಂತೋಷದಿಂದ ಕಲಿಸಿದ್ದೇನೆ.

ನನ್ನ ಕೈ ಚಿಕ್ಕದು, ಬೆರಳು ನಿಧಾನ. ಈ ವಿದ್ಯೆ ನನಗೆ ಬರುತ್ತದೆಯೇ?

ಅರ್ಜೆಂಟೀನಾದ ಜಾದೂಗಾರ ರೆನೆ ಲವಾಂಡ್ ಒಂಬತ್ತನೆಯ ವಯಸ್ಸಿನಲ್ಲಿ ಬಲಗೈ ಕಳೆದುಕೊಂಡು, ಎಡಗೈಯೊಂದರಿಂದಲೇ ಇಸ್ಪೀಟಿನ ಕಲೆಯನ್ನು ರೂಢಿಸಿಕೊಂಡು, 2015ರಲ್ಲಿ ತೀರಿಕೊಳ್ಳುವವರೆಗೂ ಜಗತ್ತಿನ ಶ್ರೇಷ್ಠರಲ್ಲಿ ಒಬ್ಬರೆನಿಸಿದ್ದರು. ಅವರ ಹೆಚ್ಚುಗಾರಿಕೆ ವೇಗದಲ್ಲಿರಲಿಲ್ಲ. ಒಂದೇ ಚಮತ್ಕಾರವನ್ನು ಪ್ರತಿ ಸಲವೂ ಇನ್ನಷ್ಟು ನಿಧಾನವಾಗಿ ಮಾಡಿ ತೋರಿಸುವುದರಲ್ಲಿತ್ತು. ಅಂಗೈ ಚಿಕ್ಕದಿದ್ದವರು 63 ಮಿಲಿಮೀಟರ್ ಅಗಲದ ಪೋಕರ್ ಅಳತೆಯ ಎಲೆಗಳ ಬದಲು 57 ಮಿಲಿಮೀಟರ್ ಅಗಲದ ಬ್ರಿಜ್ ಅಳತೆಯವನ್ನು ಬಳಸಬಹುದು, ನಾಣ್ಯದಲ್ಲಿಯೂ ಕೈಗೊಪ್ಪುವ ಗಾತ್ರವನ್ನು ಆರಿಸಿಕೊಳ್ಳಬಹುದು.

ಮಕ್ಕಳ ಮುಂದೆ ತೋರಿಸುವಾಗ ಏನನ್ನು ಗಮನಿಸಬೇಕು?

ಚಿಕ್ಕ ಮಕ್ಕಳನ್ನು ಏಮಾರಿಸುವುದು ಸುಲಭವೆಂಬುದು ತಪ್ಪು ತಿಳಿವಳಿಕೆ. ದೊಡ್ಡವರನ್ನು ದಾರಿ ತಪ್ಪಿಸುವ ಮಾತಿನ ಸೂಚ್ಯಗಳು ಮಕ್ಕಳಿಗೆ ತಟ್ಟುವುದಿಲ್ಲ, ಅವರು ಎತ್ತರದಲ್ಲಿ ಚಿಕ್ಕವರಾದ್ದರಿಂದ ಕೆಳಗಿನಿಂದ ನೋಡುತ್ತಾರೆ, ಕಂಡದ್ದನ್ನು ಕೂಗಿ ಹೇಳುತ್ತಾರೆ. ಇಸ್ಪೀಟೆಲೆಗಳ ಲೆಕ್ಕ ಅವರಿಗೆ ಹಿಡಿಸದು. ಒಂದು ವಸ್ತು ಮಾಯವಾಗುವುದು, ಬಣ್ಣ ಬದಲಾಗುವುದು, ಬೇರೆಡೆ ಸಿಗುವುದು ಸಾಕು. ನಾಣ್ಯ ಮತ್ತು ಸಣ್ಣ ಚೆಂಡುಗಳನ್ನು ತೀರಾ ಎಳೆಯ ಮಕ್ಕಳ ಕೈಗೆ ಕೊಡಲೇಬಾರದು, ಬಾಯಿಗೆ ಹಾಕಿಕೊಳ್ಳುವ ಅಪಾಯವಿದೆ.

ಪ್ರದರ್ಶನದಿಂದ ಕಲಿಯುವುದೆಂದರೆ ನಿಜವಾಗಿ ಏನು ಮಾಡಬೇಕು?

ಒಂದು ಪುಟ್ಟ ಪುಸ್ತಕವನ್ನು ಇಟ್ಟುಕೊಂಡು ಅದೇ ದಿನ, ಮಲಗುವ ಮುನ್ನ, ಬರೆಯಿರಿ. ಮರುದಿನಕ್ಕೆ ಉಳಿಯುವುದು ಚೆನ್ನಾಗಿತ್ತು ಅಥವಾ ಕೆಟ್ಟಿತ್ತು ಎಂಬ ಭಾವ ಮಾತ್ರ, ವಿವರವಲ್ಲ. ಯಾರು ಎಲ್ಲಿ ಕುಳಿತಿದ್ದರು, ಬೆಳಕು ಯಾವ ಕಡೆಯಿಂದಿತ್ತು, ಯಾವ ಕ್ಷಣದಲ್ಲಿ ಯಾರ ಕಣ್ಣು ನಿಮ್ಮ ಕೈಗಿಳಿಯಿತು, ನೀವು ನಗು ನಿರೀಕ್ಷಿಸದ ಕಡೆ ಯಾರು ನಕ್ಕರು, ನಿರೀಕ್ಷಿಸಿದ ಕಡೆ ಏಕೆ ಮೌನವಿತ್ತು ಎಂಬುದನ್ನು ಬರೆಯಿರಿ. ಮುಂದಿನ ಸಲ ಒಂದೇ ಒಂದು ಸಂಗತಿಯನ್ನು ಬದಲಿಸಿ ನೋಡಿ, ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ನನ್ನ ಪುಸ್ತಕದ ಒಂದು ಟಿಪ್ಪಣಿಯನ್ನು ಉದಾಹರಣೆಯಾಗಿ ಹೇಳುತ್ತೇನೆ. ನಾಣ್ಯ ಮಾಯವಾಗುವ ಚಮತ್ಕಾರವೊಂದನ್ನು ತಿಂಗಳುಗಟ್ಟಲೆ ತೋರಿಸುತ್ತಿದ್ದೆ. ಎಲ್ಲರೂ ಚೆನ್ನಾಗಿದೆ ಎನ್ನುತ್ತಿದ್ದರು, ಆದರೂ ಅವರ ಬೆರಗು ಒಂದು ಮೆಟ್ಟಿಲು ಕೆಳಗೇ ನಿಲ್ಲುತ್ತಿತ್ತು. ಒಂದು ಸಂಜೆ ಮಹಿಳೆಯೊಬ್ಬರು ತಪ್ಪು ಹುಡುಕುವ ಉದ್ದೇಶವೇ ಇಲ್ಲದೆ, ನೀವು ಜೇಬಿಗೆ ಕೈ ಹಾಕಿದ್ದು ಏಕೆ ಎಂದು ಕೇಳಿದರು. ನಾಣ್ಯವನ್ನು ಅಲ್ಲಿ ಇಳಿಸಲು ಹಾಕಿದ್ದೆ, ಅದು ಅವರಿಗೆ ಕಂಡಿರಲಿಲ್ಲ; ಆದರೆ ಕೈ ಜೇಬಿಗೆ ಹೋಗಲು ಕಾರಣವೇ ಇರಲಿಲ್ಲ ಎಂಬುದು ಕಂಡಿತ್ತು. ಅಭ್ಯಾಸದಲ್ಲಿ ನಾನು ಅಡಗಿಸುವುದನ್ನಷ್ಟೇ ತಿದ್ದಿದ್ದೆ, ಕಾರಣವನ್ನು ಯೋಚಿಸಿರಲಿಲ್ಲ. ಜೇಬಿನಲ್ಲಿ ಒಂದು ಪೆನ್ನನ್ನಿಟ್ಟು, ಮುಷ್ಟಿಯನ್ನು ಅದರಿಂದ ಮುಟ್ಟಬೇಕೆಂಬ ನೆಪದಿಂದ ತೆಗೆಯತೊಡಗಿದ ಮೇಲೆ ಚಮತ್ಕಾರವೇ ಬೇರೆಯಾಯಿತು. ಕೈಯ ಪ್ರತಿ ಚಲನೆಗೂ ಎಲ್ಲರ ಕಣ್ಣಿಗೆ ಕಾಣುವ ಒಂದು ಕಾರಣವಿರಬೇಕೆಂಬುದನ್ನು ಅದಕ್ಕೂ ಮೊದಲು ಎಷ್ಟೋ ಕಡೆ ಓದಿದ್ದೆ, ತಿಳಿದದ್ದು ಮಾತ್ರ ಆ ಸಂಜೆ.

ಹೊಗಳಿಕೆಯನ್ನು ಎಷ್ಟರ ಮಟ್ಟಿಗೆ ನಂಬಬೇಕು?

ಚಪ್ಪಾಳೆ ಬಹುಮಟ್ಟಿಗೆ ಸೌಜನ್ಯ. ಅದಕ್ಕಿಂತ ಮೊದಲು ಬರುವುದನ್ನು ಗಮನಿಸಿ: ತೆರೆದ ಬಾಯಿ, ಒಂದು ಕ್ಷಣದ ಮೌನ, ಪಕ್ಕದವರ ಕಡೆ ತಿರುಗುವ ಕತ್ತು. ‘ನಿಮ್ಮ ಕೈ ಎಷ್ಟು ಚುರುಕು’ ಎಂಬ ಮಾತು ಹೊಗಳಿಕೆಯಂತೆ ಕೇಳಿಸಿದರೂ ಅದು ಒಂದು ದೂರು, ಏಕೆಂದರೆ ಕೈಯೇನೋ ಮಾಡಿತು ಎಂಬುದು ಅವರಿಗೆ ಗೊತ್ತಾಗಿದೆ.

ಎಲ್ಲಕ್ಕಿಂತ ಬೆಲೆಬಾಳುವುದು ಅವರು ಇತರರಿಗೆ ಅದನ್ನು ವಿವರಿಸುವ ರೀತಿ. ಅವಕಾಶ ಸಿಕ್ಕಿದಾಗ ಸುಮ್ಮನೆ ಕುಳಿತು ಕೇಳಿ. ‘ಅವರು ಎಲೆಗಳನ್ನು ಮುಟ್ಟಲೇ ಇಲ್ಲ, ನಾನೇ ಕಲಸಿ ನಾನೇ ಆರಿಸಿದೆ’ ಎಂದು, ನೀವು ನಾಲ್ಕು ಸಲ ಮುಟ್ಟಿದ್ದರೂ, ಅವರು ಹೇಳಿದರೆ ನಿಮ್ಮ ಜೋಡಣೆ ಗೆದ್ದಿದೆ. ‘ಮೊದಲು ಎಣಿಸಿದರು, ಆಮೇಲೆ ಏನೋ ಮಾಡಿದರು, ಮತ್ತೆ ಎಣಿಸಿದರು’ ಎಂದು ತಡಕಾಡಿದರೆ ಚಮತ್ಕಾರದಲ್ಲಿ ಗೊಂದಲವಿದೆ. ಗೊಂದಲಗೊಂಡವರು ಬೆರಗಾಗುವುದಿಲ್ಲ, ನೋಡುವುದನ್ನೇ ನಿಲ್ಲಿಸುತ್ತಾರೆ.

ಇದು ಜನರಿಗೆ ಮಾಡುವ ಮೋಸವಲ್ಲವೇ?

ತಾನು ಮರುಳು ಮಾಡುತ್ತೇನೆಂದು ಮೊದಲೇ ಹೇಳಿ ಮರುಳು ಮಾಡುವುದು ಮೋಸವಲ್ಲ. ನೋಡುವವರು ಒಪ್ಪಿ ಕುಳಿತಿರುತ್ತಾರೆ. ಆ ಒಪ್ಪಂದವನ್ನು ಮೀರಿದರೆ ಮೋಸವೇ ಆಗುತ್ತದೆ. ಅದೇ ಕೈಚಳಕವನ್ನು ದೈವೀಶಕ್ತಿಯೆಂದು ನಂಬಿಸಿದರೆ, ಮನಸ್ಸು ಓದಬಲ್ಲೆನೆಂದು ಹೇಳಿ ನೊಂದವರ ಬದುಕಿನ ನಿರ್ಧಾರಗಳಲ್ಲಿ ಕೈಯಾಡಿಸಿದರೆ, ಹಣ ಪಣಕ್ಕಿಟ್ಟ ಇಸ್ಪೀಟಾಟದಲ್ಲಿ ಬಳಸಿದರೆ, ಅದಕ್ಕೆ ಯಾವ ಸಮರ್ಥನೆಯೂ ಇಲ್ಲ. ಯಾರಾದರೂ ನಿಮ್ಮನ್ನು ಏಕಾಂತದಲ್ಲಿ ಕರೆದು, ನಿಜವಾಗಿಯೂ ನಿಮಗೆ ಶಕ್ತಿಯಿದೆಯೇ ಎಂದು ಕೇಳಿದರೆ, ಇಲ್ಲ, ಇದು ಅಭ್ಯಾಸದಿಂದ ಬಂದದ್ದು ಎಂದು ಸ್ಪಷ್ಟವಾಗಿ ಹೇಳಬೇಕು.

ಇತರ ಜಾದೂಗಾರರ ಮುಂದೆ ತೋರಿಸುವುದರಿಂದ ಉಪಯೋಗವಿದೆಯೇ?

ಇದೆ, ಆದರೆ ಅದು ಬೇರೆ ಬಗೆಯದು. ಅವರು ನಿಮ್ಮ ಬೆರಳಿನ ದೋಷವನ್ನು ಹೆಸರು ಹಿಡಿದು ಹೇಳಬಲ್ಲರು, ಸುಲಭದ ಮತ್ತೊಂದು ವಿಧಾನವನ್ನು ತೋರಿಸಬಲ್ಲರು. 1948ರಲ್ಲಿ ಆರಂಭವಾದ, ಜಾದೂ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಸಂ ಮೂರು ವರ್ಷಗಳಿಗೊಮ್ಮೆ ನಡೆಸುವ ವಿಶ್ವ ಸ್ಪರ್ಧೆಯಲ್ಲಿ ಕ್ಲೋಸಪ್ ಜಾದೂವಿಗೆಂದೇ ವಿಭಾಗಗಳಿವೆ, ಅಲ್ಲಿ ತೋರಿಸುವವರು ವರ್ಷಗಳ ಕಾಲ ಹೀಗೆಯೇ ಪರಸ್ಪರರಿಂದ ತಿದ್ದಿಸಿಕೊಂಡವರು. ಒಂದು ಎಚ್ಚರಿಕೆ ಮಾತ್ರ ಬೇಕು. ಜಾದೂಗಾರರು ಮೆಚ್ಚುವುದು ಹೊಸ ವಿಧಾನವನ್ನು, ಸಾಮಾನ್ಯ ಜನರು ಮೆಚ್ಚುವುದು ಫಲಿತಾಂಶವನ್ನು. ಜಾದೂಗಾರರ ಕೂಟದಲ್ಲಿ ಯಾರೂ ತಲೆಯೆತ್ತಿ ನೋಡದ ಹಳೆಯ ಚಮತ್ಕಾರವೊಂದು ಅದೇ ವಾರ ಬೇರೆ ಮೇಜಿನ ಸುತ್ತ ಕುಳಿತವರನ್ನು ಕುರ್ಚಿಯಿಂದ ಎಬ್ಬಿಸಿದ್ದನ್ನು ನಾನು ಕಂಡಿದ್ದೇನೆ. ಕೂಟದಲ್ಲಿ ಸಿಕ್ಕ ಸಲಹೆಯನ್ನು ಪುಸ್ತಕದಲ್ಲಿ ಬರೆದುಕೊಂಡು, ಒಪ್ಪಿಕೊಳ್ಳುವ ಮುನ್ನ ಜಾದೂ ತಿಳಿಯದ ಮೂರು ಗುಂಪುಗಳಿಗಾದರೂ ತೋರಿಸಿ ನೋಡಿ.